ಅಂಗಳದ ಬೆಕ್ಕಿಗೆ ಒಳಗೊಂದು ಲಿಟರ್ ಟ್ರೇ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಪುಷ್ಯ ಮಳೆ ಹಿಡಿದು ಆರನೆಯ ದಿನ. ನಮ್ಮೂರು ಸಾಗರದಲ್ಲಿ ಆ ವಾರ ಬಿಸಿಲು ಕಂಡವರಿಲ್ಲ. ಬೆಳಿಗ್ಗೆ ಹೊಲಿಗೆ ಕೋಣೆಯ ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದ ವಾಸನೆಯಲ್ಲೇ ವಿಷಯ ತಿಳಿಯಿತು. ಕತ್ತರಿಸಿಟ್ಟಿದ್ದ ಲೈನಿಂಗ್ ಬಟ್ಟೆಯ ಗುಡ್ಡೆ ಒದ್ದೆ. ಅದರ ಅಡಿಯಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಲಿಯಲೆಂದು ಗ್ರಾಹಕಿಯೊಬ್ಬರು ಕೊಟ್ಟಿದ್ದ ರೇಷ್ಮೆ ರವಿಕೆ ಕಣ. ಅದೂ ಒದ್ದೆ.

ಮಾಡಿದವನು ಬಾಬಿನ್. ಆಗ ಅವನಿಗೆ ಎರಡು ವರ್ಷ. ಅವನ ತಾಯಿ ಸಿಂಗಾರಿಗೆ ಐದು. ಎರಡೂ ಅಂಗಳದ ಬೆಕ್ಕುಗಳೇ. ಊಟಕ್ಕೆ, ನಿದ್ದೆಗೆ, ಹೊಲಿಯುವಾಗ ಬಂದು ಮಷಿನ್ನಿನ ಮೇಲೆ ಕೂರುವುದಕ್ಕೆ ಮನೆ. ಉಳಿದದ್ದಕ್ಕೆಲ್ಲ ಹಿತ್ತಿಲು. ಪೇಟೆಯ ಫ್ಲ್ಯಾಟುಗಳಲ್ಲಿ ಬೆಕ್ಕಿಗೆ ಲಿಟರ್ ಟ್ರೇ, ಅಂದರೆ ಮಲಮೂತ್ರಕ್ಕೆಂದು ಮರಳಿನಂಥ ಲಿಟರ್ ತುಂಬಿದ ತಟ್ಟೆ, ಇಡುತ್ತಾರೆ ಎಂದು ಕೇಳಿದ್ದೆ. ಅದು ಮಣ್ಣು ಕಾಣದ ಬೆಕ್ಕುಗಳಿಗೆ, ನಮಗಲ್ಲ ಎಂದುಕೊಂಡಿದ್ದೆ. ಆ ಕಣಕ್ಕೆ 1,150 ರೂಪಾಯಿ. ಅದೇ ಬಣ್ಣ ಸಾಗರದಲ್ಲಿ ಸಿಗದೆ ಶಿವಮೊಗ್ಗದವರೆಗೆ ಹೋಗಿ ತಂದುಕೊಟ್ಟೆ. ಬಸ್ ಚಾರ್ಜು ಬೇರೆ. ವಾಪಸು ಬರುವ ದಾರಿಯಲ್ಲೇ ಮೊಬೈಲಿನಲ್ಲಿ ಟ್ರೇ ತರಿಸಲು ಹಾಕಿದೆ. 649 ರೂಪಾಯಿ.

ಪಾರ್ಸೆಲ್ ಬಂದ ದಿನ ನಮ್ಮ ಮನೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಷ್ಟು ಲೀಟರ್ ಹಿಡಿಯುತ್ತದೆ?" ಎಂದು ಕೇಳಿದರು. ಲೀಟರ್ ಅಲ್ಲ, ಲಿಟರ್ ಎಂದು ಹೇಳಿ ಮುಗಿಸುವಷ್ಟರಲ್ಲಿ ಅತ್ತೆಯವರಿಗೆ ಅರ್ಥವಾಗಿತ್ತು. "ಊರು ತುಂಬ ಮಣ್ಣಿದೆ, ಇಲಿ ಹಿಡಿಯುವ ಬೆಕ್ಕಿಗೆ ಒಳಗೆ ಪಾಯಿಖಾನೆಯೇ!"

ಊರು ತುಂಬ ಮಣ್ಣಿದೆ ಎಂಬುದು ಅತ್ತೆಯವರ ಕಾಲದ ಲೆಕ್ಕ. ಅವರು ಮದುವೆಯಾಗಿ ಬಂದ ಹಳೆಯ ಮನೆಯಲ್ಲಿ ಬಚ್ಚಲ ಒಲೆಯಿತ್ತು. ಮಳೆಗಾಲದಲ್ಲಿ ಬೆಕ್ಕುಗಳು ಆ ಒಲೆಯ ಆರಿದ ಬೂದಿಯಲ್ಲೇ ಕೆರೆದು, ಕೂತು, ಮುಚ್ಚಿ ಹೋಗುತ್ತಿದ್ದವು. ಬೆಳಗಾದರೆ ಬೂದಿ ಗೊಬ್ಬರದ ಗುಂಡಿಗೆ. ಯಾರೂ ಅದನ್ನು ಲಿಟರ್ ಎಂದು ಕರೆಯಲಿಲ್ಲ, ಅಷ್ಟೆ. ಈಗಿನ ಮನೆಯಲ್ಲಿ ನೀರು ಕಾಯುವುದು ಸೋಲಾರಿನಲ್ಲಿ, ಮಳೆಗಾಲದಲ್ಲಿ ಗೀಸರಿನಲ್ಲಿ. ಬೂದಿಯೇ ಇಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟಲೆಂದು ಎರಡು ವರ್ಷ ಮರಳಿನ ರಾಶಿ ಬಿದ್ದಿತ್ತು. ಬೀದಿಯ ಬೆಕ್ಕುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಮನೆ ಎದ್ದಿತು, ಮರಳು ಹೋಯಿತು, ಅಂಗಳಕ್ಕೆ ಸಿಮೆಂಟಿನ ಟೈಲ್ಸ್ ಬಂತು. ನಮ್ಮ ಹಿತ್ತಿಲಿನಲ್ಲಿ ಅರ್ಧ ಭಾಗ ಜಂಬಿಟ್ಟಿಗೆ ಕಲ್ಲಿನ ನೆಲ. ಬೇಸಿಗೆಯಲ್ಲಿ ಗುದ್ದಲಿಯೇ ಇಳಿಯದು, ಬೆಕ್ಕಿನ ಉಗುರು ಇಳಿಯುತ್ತದೆಯೇ? ಇನ್ನರ್ಧ, ಜೂನ್ ಬಂತೆಂದರೆ ಕೆಸರು. ಸಡಿಲವಾದ, ಒಣಗಿದ, ಕೆದಕಬಹುದಾದ ಮಣ್ಣು ಎಂದು ಉಳಿದಿದ್ದು ಪಕ್ಕದ ಮನೆಯ ಅಕ್ಕನ ಕೊತ್ತಂಬರಿ ಪಾತಿ ಮಾತ್ರ. ಸೂರಿನ ಕೆಳಗೆ ಮಳೆ ಬೀಳದ ಜಾಗದಲ್ಲಿ ಅವರು ಕೈಯಾರೆ ಪುಡಿ ಮಾಡಿದ ಮಣ್ಣು. ಬೆಕ್ಕಿಗೆ ಇದಕ್ಕಿಂತ ಆಹ್ವಾನ ಬೇಕೆ? ಆ ಅಕ್ಕ ಎರಡು ವರ್ಷದಿಂದ ನನ್ನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ. ನಾನು ರವಿಕೆಯ ಅಳತೆ ತಪ್ಪಿರಬೇಕು ಎಂದುಕೊಂಡಿದ್ದೆ.

ಹಾಗಾಗಿ ಹೊರಗೆ ಓಡಾಡುವ ಬೆಕ್ಕಿಗೆ ಒಳಗೆ ಟ್ರೇ ಬೇಕೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ನಿಮ್ಮ ಹೊರಗೆ ಎಂಬುದು ಈಗ ಎಷ್ಟು ಉಳಿದಿದೆ ಎಂದು.

ಈಗ ಟ್ರೇಯ ವಿಷಯ. ನೀಲಿ ಪ್ಲಾಸ್ಟಿಕ್ಕಿನದು, ಉದ್ದ 22 ಇಂಚು, ಅಗಲ 16, ಗೋಡೆ 6 ಇಂಚು ಎತ್ತರ. ಮೇಲೆ ಒಳಕ್ಕೆ ಬಾಗಿದ ಅಂಚುಪಟ್ಟಿ, ಅದನ್ನು ಹಿಡಿದಿಡಲು ನಾಲ್ಕು ಕ್ಲಿಪ್ಪು, ಜೊತೆಗೊಂದು ತೂತಿನ ಚಮಚ. ಪೆಟ್ಟಿಗೆಯ ಮೇಲೆ ಜಂಬೋ ಎಂದು ಬರೆದಿದ್ದರು. ನಾನು ಇಪ್ಪತ್ತೆರಡು ವರ್ಷದಿಂದ ಅಳತೆ ತೆಗೆಯುವವಳು, ಜಂಬೋ, ಫ್ರೀ ಸೈಜ್ ಎಂಬ ಮಾತುಗಳನ್ನು ನಂಬುವುದಿಲ್ಲ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆಪಟ್ಟು ಟ್ರೇ ಇರಬೇಕು ಎಂಬುದು ಬೆಕ್ಕಿನ ವೈದ್ಯರು ಹೇಳುವ ಲೆಕ್ಕ. ಬಾಬಿನ್ ನಿದ್ದೆಯಲ್ಲಿ ನೀಟಾಗಿ ಕಾಲು ಚಾಚಿದ್ದಾಗ ಟೇಪು ಹಿಡಿದೆ. 19 ಇಂಚು. ಅಂದರೆ ಟ್ರೇ ಇಪ್ಪತ್ತೆಂಟೂವರೆ ಇಂಚು ಇರಬೇಕಿತ್ತು. ಆರೂವರೆ ಇಂಚು ಕಡಿಮೆ. ರವಿಕೆಯಲ್ಲಿ ಅರ್ಧ ಇಂಚು ಕಡಿಮೆಯಾದರೆ ಗ್ರಾಹಕರು ನನ್ನನ್ನು ಬಿಡುತ್ತಾರೆಯೇ?

ಕಡಿಮೆಯಾದದ್ದರ ಫಲ ಮೂರನೆಯ ದಿನವೇ ಕಂಡಿತು. ಬಾಬಿನ್ ನಾಲ್ಕೂ ಕಾಲು ಟ್ರೇಯೊಳಗಿಟ್ಟು ಶಿಸ್ತಾಗಿ ಕೂತಿದ್ದ; ಹಿಂಭಾಗ ಮಾತ್ರ ಅಂಚಿನಿಂದ ಆಚೆ. ತಾನು ಒಳಗಿದ್ದೇನೆ ಎಂದೇ ಅವನ ನಂಬಿಕೆ. ನೆಲ ತೊಯ್ದಿತ್ತು. ಬಯ್ಯುವುದು ಯಾರನ್ನು? ಅದಕ್ಕೆ ಪಾತ್ರೆ ಅಂಗಡಿಯಿಂದ ಬಟ್ಟೆ ನೆನೆಸುವ ಉದ್ದನೆಯ ಟಬ್ ಒಂದನ್ನು 260 ರೂಪಾಯಿಗೆ ತಂದೆ. 29 ಇಂಚು ಉದ್ದ, 10 ಇಂಚು ಎತ್ತರ. ಒಂದು ಬದಿಯನ್ನು ಕಾದ ಚಾಕುವಿನಿಂದ ಐದು ಇಂಚಿಗೆ ಇಳಿಸಿ, ಕೊಯ್ದ ಅಂಚಿಗೆ ಹಳೆಯ ಪೈಪನ್ನು ಸೀಳಿ ಸಿಕ್ಕಿಸಿದೆ. ಅಂದಿನಿಂದ ಬಾಬಿನ್ ಟಬ್ಬಿನವನು. ಕೊಂಡ ಟ್ರೇ ಚಿಕ್ಕ ದೇಹದ ಸಿಂಗಾರಿಗೆ ಸರಿಯಾಯಿತು. ಅವಳ ಅಳತೆ 16; ಲೆಕ್ಕಕ್ಕೆ ಎರಡು ಇಂಚು ಕಡಿಮೆಯೇ, ಆದರೂ ಸಾಕಾಯಿತು.

ಟ್ರೇಯಲ್ಲಿ ಒಳ್ಳೆಯದೂ ಇದೆ. ಮೂಲೆಗಳು ದುಂಡಗಿವೆ, ತೊಳೆಯುವುದು ಸುಲಭ. ಪ್ಲಾಸ್ಟಿಕ್ ದಪ್ಪ, ಎರಡು ಕೈಯಲ್ಲಿ ಎತ್ತಿದರೆ ನಡುವೆ ಬಾಗುವುದಿಲ್ಲ. ಅಂಚುಪಟ್ಟಿ ಇದ್ದರೆ ಕೆದಕಿದ ಲಿಟರ್ ಹೊರಗೆ ಹಾರುವುದು ಬಹಳ ಕಡಿಮೆ. ಆದರೆ ಕ್ಲಿಪ್ಪುಗಳು ಮೂರನೆಯ ತಿಂಗಳಿಗೆ ಎರಡು ಮುರಿದವು. ಚಮಚದ ತೂತುಗಳು ಎಷ್ಟು ಅಗಲವೆಂದರೆ ಮೂತ್ರ ಬಿದ್ದು ಅಂಟಿಕೊಂಡ ಲಿಟರಿನ ಸಣ್ಣ ಉಂಡೆಗಳೆಲ್ಲ ಮತ್ತೆ ಕೆಳಗೇ ಬೀಳುತ್ತವೆ. ಅಡುಗೆಮನೆಯಿಂದ ನಿವೃತ್ತಿಯಾದ ಬೋಂಡ ಕರಿಯುವ ಜಾಲರಿ ಸೌಟು ಈಗ ಆ ಕೆಲಸಕ್ಕಿದೆ. ಅದನ್ನು ಕೆಂಪು ದಾರ ಸುತ್ತಿ ಗುರುತು ಮಾಡಿದ್ದೇನೆ, ಯಾರೂ ಗಾಬರಿಯಾಗಬೇಡಿ.

ಮುಚ್ಚಳವಿರುವ ಗೂಡಿನಂಥ ಟ್ರೇಗಳೂ ಸಿಗುತ್ತವೆ, ಬೆಲೆ ಹೆಚ್ಚು. ಮನುಷ್ಯರ ಕಣ್ಣಿಗೆ ಚೆಂದ. ಹೊರಗೆ ನಾಯಿ ಅಟ್ಟಿಸಿಕೊಂಡು ಬರುವುದನ್ನು ಕಂಡ ಬೆಕ್ಕು ಕೂರುವಾಗ ನಾಲ್ಕೂ ದಿಕ್ಕು ನೋಡುತ್ತದೆ. ಒಂದೇ ಬಾಗಿಲಿನ ಗೂಡಿಗೆ ನಮ್ಮವು ತಲೆ ಹಾಕುವುದಿಲ್ಲ ಎಂದು ನನಗೆ ಖಾತ್ರಿ. ತರಿಸಲಿಲ್ಲ.

ಟ್ರೇಗಿಂತ ತಲೆನೋವು ಅದರೊಳಗೆ ಏನು ತುಂಬುವುದು ಎಂಬುದು. ಮೊದಲ ಸಲ ತಂದದ್ದು ಲ್ಯಾವೆಂಡರ್ ವಾಸನೆಯ ಬೆಂಟೋನೈಟ್ ಎಂಬ ಜೇಡಿಮಣ್ಣಿನ ಲಿಟರ್, ಐದು ಕಿಲೋಗೆ 380. ಚೀಲ ಬಿಚ್ಚಿದರೆ ಊದುಬತ್ತಿ ಕಾರ್ಖಾನೆ. ಬಾಬಿನ್ ದೂರದಲ್ಲೇ ನಿಂತು ಸೀನಿ ಹೊರಟುಹೋದ. ನಮಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಮೂಗು ಅದು. ವಾಸನೆ ಹಾಕುವುದು ಬೆಕ್ಕಿಗಾಗಿ ಅಲ್ಲ, ಚೀಲ ಕೊಳ್ಳುವವರಿಗಾಗಿ. ಆ ಚೀಲ ಇವತ್ತಿಗೂ ಅಟ್ಟದಲ್ಲಿದೆ.

ವಾಸನೆಯಿಲ್ಲದ ಬೆಂಟೋನೈಟ್ ಹತ್ತು ಕಿಲೋಗೆ 640. ಇದು ಒಪ್ಪಿಗೆಯಾಯಿತು. ನೀರು ತಾಗಿದರೆ ಉಬ್ಬಿ ಅಂಟಿಕೊಳ್ಳುವ ಜೇಡಿಮಣ್ಣು ಇದು. ನಮ್ಮ ದೇಶದಲ್ಲಿ ಗುಜರಾತಿನ ಕಛ್, ರಾಜಸ್ಥಾನದ ಬಾಡಮೇರ್ ಕಡೆ ಹೇರಳವಾಗಿ ಅಗೆಯುತ್ತಾರೆ. ಮೂತ್ರ ಬಿದ್ದ ಜಾಗ ಹತ್ತು ನಿಮಿಷದಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆಯಾಗುತ್ತದೆ, ಎತ್ತಿ ಹಾಕಿದರೆ ಉಳಿದದ್ದು ಒಣಗಿಯೇ ಇರುತ್ತದೆ. ಹರಳು ಸಣ್ಣದಿದ್ದು ಕಾಲಿಗೆ ಮರಳಿನಂತೆ ಸಿಗುವುದರಿಂದ ಮಣ್ಣಿನ ಬೆಕ್ಕುಗಳಿಗೆ ಇದೇ ಹತ್ತಿರ. ಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳಂತೆ, ಕೆದಕಿ ಮುಚ್ಚುವ ಚಾಳಿ ಇವಕ್ಕೆ ಹುಟ್ಟಿನಿಂದಲೇ ಬಂದದ್ದು. ದೋಷವೆಂದರೆ ಧೂಳು. ಸುರಿಯುವಾಗ ಎದ್ದ ಬೂದು ಧೂಳು ಕಪ್ಪು ಬಟ್ಟೆಯ ಮೇಲೆ ಕೂತರೆ ಹೋಗುವುದಿಲ್ಲ. ಹರಳುಗಳು ಬೆಕ್ಕಿನ ಬೆರಳ ಸಂದಿಯಲ್ಲಿ ಕೂತು ಹೊಲಿಗೆ ಕೋಣೆಗೆ ಬರುತ್ತವೆ. ಒಂದು ಹರಳು ಮಷಿನ್ನಿನ ಶಟಲ್ಲಿಗೆ ಸಿಕ್ಕಿ ಅರ್ಧ ದಿನ ಕೆಲಸ ನಿಂತಿತು. ಈಗ ಟ್ರೇಯ ಮುಂದೆ ಹಳೆಯ ಗೋಣಿಚೀಲ ಹಾಸಿದ್ದೇನೆ, ಅರ್ಧಕ್ಕರ್ಧ ಅಲ್ಲೇ ಉದುರುತ್ತವೆ.

ಈ ಮಣ್ಣಿನ ಇನ್ನೊಂದು ಗುಣ ನನಗೆ ಕಲಿಸಿದವರು ಪ್ಲಂಬರ್. ಮೊದಲ ತಿಂಗಳು ಟ್ರೇಯ ತಳದಲ್ಲಿ ಉಳಿದದ್ದನ್ನು ಬಚ್ಚಲಲ್ಲೇ ತೊಳೆದುಬಿಟ್ಟೆ. ನಾಲ್ಕು ದಿನಕ್ಕೆ ನೀರು ಇಳಿಯುವುದು ನಿಂತಿತು. ಪೈಪಿನೊಳಗಿಂದ ಅವರು ಸರಳು ಹಾಕಿ ಎಳೆದದ್ದು ಹಲಸಿನ ಹಣ್ಣಿನ ಮೇಣದಂಥ ಬೂದು ಅಂಟು. 600 ರೂಪಾಯಿ ಎಣಿಸಿಕೊಂಡು, "ಅಮ್ಮಾ, ಇದನ್ನು ಹೊಂಡದ ನೀರು ಸೋರದಂತೆ ತಳಕ್ಕೆ ಹಾಕುತ್ತಾರೆ, ನೀವು ಪೈಪಿಗೆ ಹಾಕಿದ್ದೀರಿ" ಎಂದರು. ಕಕ್ಕಸಿಗೂ ಹಾಕಬಾರದು, ಬಚ್ಚಲಿಗೂ ಹಾಕಬಾರದು. ಪತ್ರಿಕೆಯಲ್ಲಿ ಸುತ್ತಿ ಕಸದ ಗಾಡಿಗೆ, ಹಸಿ ಕಸದಲ್ಲಿ ಬೆರೆಸದೆ.

ಸೋಯಾದಿಂದ ಮಾಡಿದ ತೋಫು ಲಿಟರ್ ಕೂಡ ತರಿಸಿದೆ, ಎರಡೂವರೆ ಕಿಲೋಗೆ 720. ಧೂಳಿಲ್ಲ, ಹಗುರ, ನೋಡಲು ಶಾವಿಗೆ ತುಂಡು. ಒಣ ಹವೆಯ ಊರಿನವರಿಗೆ ಬಹುಶಃ ಇದೇ ಉತ್ತಮ. ಮಲೆನಾಡಿನ ಆಗಸ್ಟಿನಲ್ಲಿ ಗೋಡೆಗೇ ಬೂಸ್ಟು ಬರುತ್ತದೆ, ಸೋಯಾ ಬಿಡುತ್ತದೆಯೇ? ಹನ್ನೊಂದನೆಯ ದಿನ ಚೀಲದ ಬಾಯಿಯಲ್ಲಿ ಹಸಿರು ಹಿಡಿದಿತ್ತು, ಇರುವೆ ಸಾಲು ಕಟ್ಟಿತ್ತು. ಹಿತ್ತಿಲಿಗೆ ಸುರಿದದ್ದನ್ನು ಪಕ್ಕದ ಮನೆಯ ಕೋಳಿ ಕುಕ್ಕಲು ಬಂದದ್ದನ್ನು ಕಂಡು ಓಡಿಸಿದೆ. ಅಕ್ಕನೊಡನೆ ಇನ್ನೊಂದು ಜಗಳ ಬೇಡ ಎಂದು.

ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳು ಐದು ಕಿಲೋಗೆ 450. ಒದ್ದೆಯಾದರೆ ಪುಡಿಯಾಗುತ್ತವೆ, ಜರಡಿ ಹಿಡಿದರೆ ಒಳ್ಳೆಯ ಗುಳಿಗೆ ಮೇಲುಳಿಯುತ್ತದೆ. ಬಾಬಿನ್ ಒಪ್ಪಿದ, ಸಿಂಗಾರಿ ಕಾಲಿಟ್ಟು ಜಲ್ಲಿ ತುಳಿದವಳಂತೆ ಹಿಂದೆ ಸರಿದಳು. ಸಾಮಿಲ್ಲಿನಿಂದ ಪುಕ್ಕಟೆ ತಂದ ಹೊಟ್ಟಿನ ಕಥೆ ಕೇಳಬೇಡಿ. ಎರಡು ದಿನ ಮನೆಯೆಲ್ಲ ಸಾಮಿಲ್. ಎಂ-ಸ್ಯಾಂಡ್ ಹಾಕಿದರೆ ಮೂತ್ರ ಹೀರದೆ ತಳದಲ್ಲಿ ನಿಲ್ಲುತ್ತದೆ.

ಅತ್ತೆಯವರು ಬೂದಿಯ ಪಟ್ಟು ಬಿಡಲಿಲ್ಲ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದಲ್ಲೂ 1947ರ ತನಕ ಬೆಕ್ಕಿನ ಪೆಟ್ಟಿಗೆಗೆ ಹಾಕುತ್ತಿದ್ದದ್ದು ಬೂದಿ, ಮರಳು, ಮಣ್ಣೇ. ಆ ವರ್ಷ ಮಿಷಿಗನ್ನಿನ ಎಡ್ವರ್ಡ್ ಲೋ ಎಂಬಾತನ ಬಳಿ ನೆರೆಮನೆಯಾಕೆ ಬೆಕ್ಕಿಗಾಗಿ ಮರಳು ಕೇಳಲು ಬಂದರಂತೆ. ಅವರ ಮರಳಿನ ರಾಶಿ ಚಳಿಗೆ ಹೆಪ್ಪುಗಟ್ಟಿತ್ತು. ಆತ ಎಣ್ಣೆ ಚೆಲ್ಲಿದ ನೆಲಕ್ಕೆ ಹಾಕುವ ಜೇಡಿಮಣ್ಣಿನ ಹರಳು ಕೊಟ್ಟ. ಲಿಟರ್ ವ್ಯಾಪಾರ ಶುರುವಾದದ್ದು ಹಾಗೆ. ಅಲ್ಲಿ ಮರಳು ಹೆಪ್ಪುಗಟ್ಟಿತು, ಇಲ್ಲಿ ನಮ್ಮ ಮಣ್ಣು ಕೆಸರಾಯಿತು. ಇದನ್ನು ಅತ್ತೆಯವರಿಗೆ ಹೇಳಿದೆ. "ನಮ್ಮಿಂದಲೇ ಕಲಿತರು ನೋಡು" ಎಂದರು. ಆದರೂ ಬೂದಿ ಬೇಡ ಎಂದೆ. ಒದ್ದೆಯಾದ ಸೌದೆ ಬೂದಿ ಕ್ಷಾರ, ಪಾದದ ಚರ್ಮ ಸುಡುತ್ತದೆ, ನೆಕ್ಕಿದರೆ ನಾಲಗೆಯನ್ನೂ. ಹಳೆಯ ಮನೆಯಲ್ಲಿ ಅಡಗಿದ್ದ ಕೆಂಡಕ್ಕೆ ಕಾಲಿಟ್ಟು ಕುಂಟಿದ ಬೆಕ್ಕಿನ ಕಥೆ ಅವರೇ ಹೇಳಿದ್ದರು.

ಮಣ್ಣಿಗೆ ಒಗ್ಗಿದ ಬೆಕ್ಕನ್ನು ಟ್ರೇಗೆ ಒಗ್ಗಿಸುವುದು ಹೇಗೆ ಎಂದು ಈಗ ನನ್ನ ಗ್ರಾಹಕರೇ ಕೇಳುತ್ತಾರೆ. ಮೂಗು ಉಜ್ಜಬೇಡಿ. ನಮ್ಮಲ್ಲಿ ಅದೊಂದು ಹಳೆಯ ಪದ್ಧತಿ. ಅದರಿಂದ ಬೆಕ್ಕು ಕಲಿಯುವುದು ನಿಮ್ಮನ್ನು ಕಂಡರೆ ಓಡುವುದನ್ನು ಮಾತ್ರ. ನಾನು ಮಾಡಿದ್ದು ಇಷ್ಟು: ಅವು ಹಿಂದೆ ಕೆದಕುತ್ತಿದ್ದ ಜಾಗದ ಮಣ್ಣನ್ನೇ ಎರಡು ಬೊಗಸೆ ತಂದು, ಒಲೆಯ ಮೇಲೆ ಹುರಿದು ಒಣಗಿಸಿ, ಮೂರು ಇಂಚು ಬೆಂಟೋನೈಟಿನ ಮೇಲೆ ಹರಡಿದೆ. (ಮಣ್ಣು ಹುರಿದ ಬಾಣಲೆಗೂ ಕೆಂಪು ದಾರ.) ವಾರಕ್ಕೊಮ್ಮೆ ಮಣ್ಣಿನ ಪಾಲು ಕಡಿಮೆ ಮಾಡುತ್ತ ಬಂದೆ. ಬಾಬಿನ್ ನಾಲ್ಕು ದಿನಕ್ಕೆ ಕಲಿತ. ಸಿಂಗಾರಿ ಎರಡು ತಿಂಗಳು ಹಠ ಹಿಡಿದಳು. ಮಳೆ ಹೊಳವಾಗುವ ತನಕ ತಡೆದುಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು, ಹೊಳವಾಗದಿದ್ದರೆ ನನ್ನನ್ನು ನೋಡುತ್ತಿದ್ದಳು, ಮಳೆಯ ಹೊಣೆ ನನ್ನದು ಎಂಬಂತೆ.

ಟ್ರೇ ಇಡುವ ಜಾಗವನ್ನೂ ಮೂರು ಸಲ ಬದಲಿಸಿದೆ. ಬಚ್ಚಲಲ್ಲಿಟ್ಟಾಗ ವಾಷಿಂಗ್ ಮಷಿನ್ ಗುಡುಗಿ ಓಡಿಸಿತು. ಊಟದ ತಟ್ಟೆಯ ಹತ್ತಿರ ಇಟ್ಟರೆ ಎರಡನ್ನೂ ಬಿಟ್ಟವು, ನಾವಾದರೂ ಬಿಡುತ್ತಿದ್ದೆವು. ಕೊನೆಗೆ ಮಹಡಿ ಮೆಟ್ಟಿಲಿನ ಕೆಳಗೆ, ಎರಡೂ ಬದಿ ತೆರೆದಿರುವ ಮೂಲೆಯಲ್ಲಿ ನೆಲೆಯಾಯಿತು. ಬೆಕ್ಕಿನ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿಗೆ ಇರಬೇಕು ಎಂಬ ನಿಯಮವೂ ಇದೆ. ಎರಡು ಬೆಕ್ಕಿಗೆ ಮೂರು. ಐದು ಜನರಿರುವ ನಮ್ಮ ಮನೆಯಲ್ಲಿ ಮನುಷ್ಯರಿಗಿರುವುದು ಒಂದೇ. ಹಿತ್ತಿಲನ್ನು ಮೂರನೆಯದು ಎಂದು ಲೆಕ್ಕ ಹಿಡಿದು ಸುಮ್ಮನಾದೆ.

ಒಮ್ಮೆ ಬಟ್ಟೆಯ ಮೇಲೆ ಹೊಯ್ದ ಜಾಗಕ್ಕೆ ಬೆಕ್ಕು ಮತ್ತೆ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಬಾಬಿನ್‌ಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ಗಂಡು ಬೆಕ್ಕು ಗಡಿ ಗುರುತಿಸಲು ಬಾಲ ನೆಟ್ಟಗೆ ಮಾಡಿ ಗೋಡೆಗೆ ಸಿಂಪಡಿಸುವುದೇ ಬೇರೆ; ಇವನು ಮಾಡಿದ್ದು ಮೆತ್ತಗಿನ ಒಣ ಗುಡ್ಡೆ ಕಂಡು ಕೂತದ್ದು. ನಾನು ಬುದ್ಧಿಗೆಟ್ಟು ಮೊದಲ ದಿನ ಕರಿ ಫಿನಾಯಿಲ್ ಹಾಕಿ ಒರೆಸಿದೆ. ಅದು ಬೆಕ್ಕಿಗೆ ವಿಷ, ಅದರ ಯಕೃತ್ತಿಗೆ ಫಿನಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಒದ್ದೆ ನೆಲ ತುಳಿದು ಪಾದ ನೆಕ್ಕಿದರೂ ಸಾಕು. ಮೂತ್ರದ ಕಲೆಯನ್ನೇ ಒಡೆಯುವ ಎಂಜೈಮ್ ದ್ರಾವಣ ಸಿಗುತ್ತದೆ, ಅದನ್ನು ಹಾಕಿ ತಾನಾಗಿ ಆರಲು ಬಿಡಬೇಕು.

ನನ್ನ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ದಿನಕ್ಕೆ ಎಷ್ಟು ಉಂಡೆ ಎತ್ತಿದೆವು ಎಂದು ಗೀಟು ಹಾಕುತ್ತ ಬಂದೆ. ಖರ್ಚಿನ ಲೆಕ್ಕಕ್ಕೆಂದು ಶುರು ಮಾಡಿದ್ದು. ಜುಲೈ, ಆಗಸ್ಟಿನಲ್ಲಿ ಎರಡೂ ಸೇರಿ ದಿನಕ್ಕೆ ಐದಾರು. ದೀಪಾವಳಿ ಕಳೆದ ಮೇಲೆ ಇಳಿಯಿತು. ಜನವರಿಯಲ್ಲಿ ಹಗಲೆಲ್ಲ ಹೊರಗೆ, ರಾತ್ರಿಗೆ ಒಂದೋ ಎರಡೋ. ಹಾಗಿದ್ದರೆ ಟ್ರೇ ಎತ್ತಿಡಬಹುದಲ್ಲ ಎಂದು ಮನೆಯವರು ಹೇಳಿದರು. ನಾನೂ ಯೋಚಿಸಿದೆ. ಆದರೆ ಹೊನ್ನಾವರದ ಕಡೆಗೆ ಹೋಗುವ ಹೆದ್ದಾರಿ ನಮ್ಮ ಬೀದಿಗೆ ಹತ್ತಿರ, ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಬೆಕ್ಕುಗಳನ್ನು ಒಳಗೇ ಇಡುವ ರೂಢಿಯಾಗಿತ್ತು. ಆ ಕಾರಣಕ್ಕೆ ಉಳಿಯಿತು.

ಮಾರ್ಚಿನ ಒಂದು ರಾತ್ರಿ ಮೆಟ್ಟಿಲ ಕೆಳಗೆ ಕೆರೆಯುವ ಸದ್ದು ನಿಲ್ಲಲೇ ಇಲ್ಲ. ಬಾಬಿನ್ ಟಬ್ಬಿಗೆ ಹೋಗುವುದು, ಕೆದಕುವುದು, ಕೂರುವುದು, ಎದ್ದು ಹೊರಗೆ ಬಂದು ಮೂತ್ರದ್ವಾರ ನೆಕ್ಕುವುದು, ಮತ್ತೆ ಹೋಗುವುದು. ಏಳು ಸಲ. ಲೈಟು ಹಾಕಿ ಸೌಟಿನಲ್ಲಿ ಕೆದಕಿದೆ. ಒಂದು ಉಂಡೆಯೂ ಇಲ್ಲ. ಹೊಟ್ಟೆ ಮುಟ್ಟಿದರೆ ಟೆನ್ನಿಸ್ ಚೆಂಡಿನಷ್ಟು ಗಟ್ಟಿ, ಎಂದೂ ಕೂಗದವನು ಕೂಗಿದ. ಮಲಬದ್ಧತೆ ಇರಬಹುದು, ಬೆಳಗಾಗಲಿ ಎಂದರು ಮನೆಯವರು. ಪುಸ್ತಕ ತೆಗೆದು ನೋಡಿದೆ. ಹಿಂದಿನ ದಿನದ ಲೆಕ್ಕವೂ ಕಡಿಮೆ ಇತ್ತು, ಉಂಡೆಗಳು ಅಡಿಕೆಯಷ್ಟು ಸಣ್ಣವು ಎಂದು ಪಕ್ಕದಲ್ಲಿ ನಾನೇ ಬರೆದಿದ್ದೆ.

ಐದು ಗಂಟೆಗೆ ಬಾಡಿಗೆ ಕಾರು ಹಿಡಿದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೊರಟೆವು. ಮೂತ್ರನಾಳದಲ್ಲಿ ಸಣ್ಣ ಹರಳು ಸಿಕ್ಕಿಕೊಂಡಿತ್ತು. ಗಂಡು ಬೆಕ್ಕಿನ ಮೂತ್ರನಾಳ ತೀರ ಕಿರಿದು, ಹೀಗೆ ಕಟ್ಟಿಕೊಳ್ಳುವುದು ಗಂಡಿಗೇ ಹೆಚ್ಚು. ಮಂಪರು ಕೊಟ್ಟು ಸಣ್ಣ ನಳಿಕೆ ಹಾಕಿ ತೆಗೆದರು. ಪೂರ್ತಿ ಕಟ್ಟಿದರೆ ಎರಡು ಮೂರು ದಿನದೊಳಗೆ ಪ್ರಾಣ ಹೋಗುತ್ತದೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಅವರು ಕೇಳಿದ ಪ್ರಶ್ನೆ ನೆನಪಿದೆ: "ಹೊರಗೆ ಓಡಾಡುವ ಬೆಕ್ಕು ಎನ್ನುತ್ತೀರಿ, ಇಷ್ಟು ಬೇಗ ನಿಮಗೆ ಹೇಗೆ ಗೊತ್ತಾಯಿತು?" ಅಳತೆ ಪುಸ್ತಕದ ವಿಷಯ ಹೇಳಲು ಸಂಕೋಚವಾಯಿತು, ಆದರೂ ಹೇಳಿದೆ. ಹಿತ್ತಿಲಿನಲ್ಲಿ ಕೂರುವ ಬೆಕ್ಕು ಹೊಯ್ದಿತೋ ಇಲ್ಲವೋ ಯಾರಿಗೆ ಗೊತ್ತಾಗುತ್ತದೆ? ಎರಡು ದಿನ ಕಾಣದಿದ್ದರೆ ಎಲ್ಲೋ ಸುತ್ತಲು ಹೋಗಿದೆ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಹಿಂದೆ ಹಾಗೆ ಸುತ್ತಲು ಹೋಗಿ ವಾಪಸು ಬಾರದ ಗಂಡು ಬೆಕ್ಕುಗಳು ಮೂರು. ಅವಕ್ಕೆ ಏನಾಗಿತ್ತೋ ಎಂದು ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊದಲ ಬಾರಿಗೆ ಯೋಚಿಸಿದೆ.

ಅದೇ ಬೇಸಿಗೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸೀಮಂತಕ್ಕೆ ಬಂದ ನೆಂಟರಲ್ಲಿ ಅರ್ಧ ಜನ, ಬಸುರಿ ಇರುವ ಮನೆಯಲ್ಲಿ ಬೆಕ್ಕಿನ ಪೆಟ್ಟಿಗೆ ಇಡಬಾರದು, ಬೆಕ್ಕನ್ನು ಹೊರಗೆ ಹಾಕು ಎಂದರು. ಆ ಭಯ ಸುಳ್ಳಲ್ಲ. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿ ಬೆಕ್ಕಿನ ಮಲದಿಂದ ಹರಡುತ್ತದೆ, ಗರ್ಭಿಣಿಗೆ ಆಗ ಮೊದಲ ಬಾರಿ ಸೋಂಕಾದರೆ ಮಗುವಿಗೆ ತೊಂದರೆ. ಆದರೆ ಹೊರಗೆ ಹಾಕು ಎಂಬುದು ಉಲ್ಟಾ ಬುದ್ಧಿ. ಬೆಕ್ಕಿಗೆ ಅದು ಹೆಚ್ಚಾಗಿ ತಗಲುವುದೇ ಹೊರಗೆ ಇಲಿ, ಹಕ್ಕಿ ತಿಂದು. ಮೊದಲ ಬಾರಿ ಸೋಂಕಾದ ಮೇಲೆ ಕೆಲವು ವಾರ ಮಾತ್ರ ಮಲದಲ್ಲಿ ಅದರ ಕೋಶಗಳು ಹೋಗುತ್ತವೆ. ಅವು ಕೂಡ ಬಿದ್ದ ತಕ್ಷಣ ಸೋಂಕು ತರುವುದಿಲ್ಲ, ಬಲಿಯಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದ ಟ್ರೇಯಲ್ಲಿ ಅವಕ್ಕೆ ಬಲಿಯಲು ಸಮಯ ಸಿಗುವುದು ಕಷ್ಟ. ಕೊತ್ತಂಬರಿ ಪಾತಿಯಲ್ಲಿ ಬಿದ್ದದ್ದು ತಿಂಗಳುಗಟ್ಟಲೆ ಜೀವಂತ. ಹೆರಿಗೆ ಡಾಕ್ಟರು ಹೇಳಿದ್ದೂ ಇದೇ: ಮಗಳು ಟ್ರೇ ಮುಟ್ಟಬಾರದು, ಬೇರೆಯವರು ದಿನವೂ ತೆಗೆದು ಕೈ ತೊಳೆಯಬೇಕು, ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು, ಮಾಂಸ ಪೂರ್ತಿ ಬೇಯಿಸಬೇಕು. ಲೀಟರ್ ಎಷ್ಟು ಎಂದು ಕೇಳಿದವರೇ ಅಂದಿನಿಂದ ಬೆಳಿಗ್ಗೆ ಆರಕ್ಕೆ ಕೈಗವಸು ಹಾಕಿ ಸೌಟು ಹಿಡಿಯುತ್ತಾರೆ. ಮೊಮ್ಮಗಳು ಬಂದು ತಿಂಗಳುಗಳಾದರೂ ಆ ಕೆಲಸವನ್ನು ನನಗೆ ವಾಪಸು ಕೊಟ್ಟಿಲ್ಲ, ನಾನೂ ಕೇಳಿಲ್ಲ.

ಖರ್ಚು ಎಷ್ಟು ಎಂದರೆ, ಟ್ರೇ 649, ಟಬ್ 260, ಪ್ರಯೋಗದ ಮೂರು ಚೀಲ 1,550, ಆಮೇಲೆ ಬೆಂಟೋನೈಟ್ ಒಂಬತ್ತು ಚೀಲ 5,760. ಒಟ್ಟು 8,219. ಪ್ಲಂಬರನ್ನೂ ಆಸ್ಪತ್ರೆಯನ್ನೂ ಸೇರಿಸಿಲ್ಲ. ಕಡಿಮೆಯೇನಲ್ಲ. ತೋಟದ ನಡುವೆ ಮನೆಯಿರುವವರು, ಕೊಟ್ಟಿಗೆ ಮೂಲೆಯಲ್ಲಿ ಒಣಮಣ್ಣು ಇರುವವರು, ಬೆಕ್ಕಿಗೆ ರಾತ್ರಿಯೂ ಬಾಗಿಲು ತೆರೆದಿರುವವರು ವರ್ಷವಿಡೀ ಇದನ್ನು ಇಡಬೇಕಿಲ್ಲ. ಅಂಥವರೂ ಒಂದು ಟಬ್ಬನ್ನು ಅಟ್ಟದಲ್ಲಿಟ್ಟುಕೊಂಡು ಮಳೆಗಾಲಕ್ಕೆ, ಬೆಕ್ಕಿಗೆ ಶಸ್ತ್ರಚಿಕಿತ್ಸೆಯಾದಾಗ, ಮನೆ ಬದಲಿಸಿದಾಗ ಇಳಿಸಬಹುದು; ಆದರೆ ಬೆಕ್ಕಿಗೆ ಮೊದಲೇ ಪರಿಚಯ ಮಾಡಿಸಿರಬೇಕು. ಕಾಯಿಲೆ ಬಿದ್ದ ದಿನ ಹೊಸದಾಗಿ ಕಲಿಸಲು ಹೋದರೆ ಕಲಿಯುವುದಿಲ್ಲ.

ಈ ಟ್ರೇಗೆ ನಾನು ಕೊಡುವುದು ಐದರಲ್ಲಿ ಮೂರು. ಅಳತೆಗೆ ಒಂದು ಹೋಯಿತು, ಕ್ಲಿಪ್ಪು ಮತ್ತು ಚಮಚಕ್ಕೆ ಇನ್ನೊಂದು. ಬೆಕ್ಕು 17 ಇಂಚಿನ ಮೇಲಿದ್ದರೆ ಇದನ್ನು ಕೊಳ್ಳಬೇಡಿ, ಪಾತ್ರೆ ಅಂಗಡಿಗೆ ಹೋಗಿ. ಪ್ಲಾಸ್ಟಿಕ್ಕಿಗೆ ಉಗುರಿನ ಗೀರು ಬಿದ್ದು ವಾಸನೆ ಹಿಡಿಯಲು ಶುರುವಾಗಿದೆ, ವರ್ಷಕ್ಕೊಮ್ಮೆ ಬದಲಿಸಬೇಕು ಎನ್ನುವುದು ನಿಜ. ಸದ್ಯಕ್ಕೆ ಮುರಿದ ಎರಡು ಕ್ಲಿಪ್ಪಿನ ಜಾಗಕ್ಕೆ ಲಂಗದ ಎಲಾಸ್ಟಿಕ್ ಬಿಗಿದು ಓಡಿಸುತ್ತಿದ್ದೇನೆ.

ಪಕ್ಕದ ಮನೆಯ ಅಕ್ಕ ಕಳೆದ ತಿಂಗಳು ಒಂದು ಕಟ್ಟು ಕೊತ್ತಂಬರಿ ಕೊಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ. ರೇಷ್ಮೆ ಕಣದ ಗ್ರಾಹಕಿಯೂ ಈ ಸಲದ ವರಮಹಾಲಕ್ಷ್ಮಿಗೆ ನನ್ನ ಬಳಿಯೇ ಹೊಲಿಸಿದರು. ಹಬ್ಬದ ಹಿಂದಿನ ದಿನ ಒಯ್ಯಲು ಬಂದವರು ತೋಳು ನೋಡಲಿಲ್ಲ, ಕತ್ತು ನೋಡಲಿಲ್ಲ. ಮೊದಲು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿ, ಆಮೇಲೆ ಚೀಲಕ್ಕೆ ಹಾಕಿಕೊಂಡರು.